ಯಂತ್ರ ಬಂತು, ಕಲ್ಲಿದ್ದಲು ಹೆಚ್ಚಲಿಲ್ಲ: ಎರಿಕ್ ಟ್ರಿಸ್ಟ್ ಗಣಿಗೆ ಇಳಿದು ಕಂಡದ್ದು

1947ರ ಜನವರಿ 1ರಂದು ಬ್ರಿಟನ್ನಿನ ಹೆಚ್ಚುಕಡಿಮೆ ಎಲ್ಲ ಕಲ್ಲಿದ್ದಲು ಗಣಿಗಳೂ ಸರ್ಕಾರದ ಕೈಗೆ ಬಂದವು. ಗಣಿಗಳ ಬಾಗಿಲಲ್ಲಿ ಬೋರ್ಡು ನೆಟ್ಟರು. ಇನ್ನು ಮೇಲೆ ಈ ಗಣಿಯನ್ನು ಜನರ ಪರವಾಗಿ ನ್ಯಾಷನಲ್ ಕೋಲ್ ಬೋರ್ಡ್ ನಡೆಸುತ್ತದೆ ಅಂತ ಅದರಲ್ಲಿ ಬರೆದಿತ್ತು. ತಲೆಮಾರುಗಳಿಂದ ಖಾಸಗಿ ಮಾಲೀಕರ ಜೊತೆ ಗುದ್ದಾಡಿದ್ದ ಕಾರ್ಮಿಕರಿಗೆ ಅದು ಹಬ್ಬದ ದಿನ. ಸಂಬಳ ಸುಧಾರಿಸಿತು, ಸೌಲಭ್ಯ ಸುಧಾರಿಸಿತು. ಗಣಿಯೊಳಗೆ ಯಂತ್ರಗಳೂ ಹೆಚ್ಚುತ್ತಾ ಹೋದವು.

ಆದರೆ ಕಲ್ಲಿದ್ದಲು ಮಾತ್ರ ಯಂತ್ರಗಳಿಗೆ ತಕ್ಕ ಹಾಗೆ ಹೆಚ್ಚಲಿಲ್ಲ. ಜನ ಗಣಿ ಬಿಟ್ಟು ಕಾರ್ಖಾನೆಗಳ ಕಡೆ ಹೊರಟರು. ಉಳಿದವರಲ್ಲಿ ಸರಾಸರಿ ನೂರಕ್ಕೆ 20 ಮಂದಿ ಕೆಲಸಕ್ಕೇ ಬರುತ್ತಿರಲಿಲ್ಲ. ಜಗಳ, ತಕರಾರು ನಿಲ್ಲಲೇ ಇಲ್ಲ. ಯುದ್ಧ ಮುಗಿದು ದೇಶ ಸೊರಗಿತ್ತು. ರೈಲು, ವಿದ್ಯುತ್ತು, ಮನೆಯ ಒಲೆ ಎಲ್ಲಕ್ಕೂ ಕಲ್ಲಿದ್ದಲೇ ಬೇಕು. ಹಾಗಾಗಿ ಇದು ಸಣ್ಣ ಚಿಂತೆಯಾಗಿರಲಿಲ್ಲ.

ಯಂತ್ರ ಒಳ್ಳೆಯದು, ಮಾಲೀಕ ಬದಲಾದ, ಸಂಬಳವೂ ಸರಿಹೋಯಿತು. ಹಾಗಾದರೆ ಕೆಟ್ಟದ್ದು ಎಲ್ಲಿ? ಈ ಪ್ರಶ್ನೆಗೆ ಅಲ್ಲಿಯವರೆಗೆ ಯಾರೂ ಕೊಡದ ಉತ್ತರ ಕೊಟ್ಟವರು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಎರಿಕ್ ಟ್ರಿಸ್ಟ್. ಇವತ್ತು ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಬಂದ ಮೇಲೆ ಕೆಲಸ ಇನ್ನಷ್ಟು ಕಗ್ಗಂಟಾಯಿತು ಅಂತ ಗೊಣಗುವ ಪ್ರತಿಯೊಬ್ಬರಿಗೂ ಈ ಮನುಷ್ಯನ ವಿಚಾರ ಗೊತ್ತಿರಬೇಕು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಟ್ರಿಸ್ಟ್ ಹುಟ್ಟಿದ್ದು 1909ರ ಸೆಪ್ಟೆಂಬರ್ 11ರಂದು, ಇಂಗ್ಲೆಂಡಿನ ಡೋವರ್ ಬಂದರಿನಲ್ಲಿ. ಅಪ್ಪ ಕಾರ್ನ್‌ವಾಲ್ ಕಡೆಯ ಹಡಗಿನ ಕ್ಯಾಪ್ಟನ್, ಅಮ್ಮ ಸ್ಕಾಟ್ಲೆಂಡಿನವರು. ಕೇಂಬ್ರಿಡ್ಜ್‌ನಲ್ಲಿ ಮೊದಲು ಓದಿದ್ದು ಇಂಗ್ಲಿಷ್ ಸಾಹಿತ್ಯ. ಅಲ್ಲಿಂದ ಮನಶ್ಶಾಸ್ತ್ರಕ್ಕೆ ಹೊರಳಿದರು. ಜರ್ಮನಿಯ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಬರಹ ಓದಿ ಮನಸೋತರು. ಮನುಷ್ಯನನ್ನು ಒಂಟಿಯಾಗಿ ನಿಲ್ಲಿಸಿ ನೋಡಿದರೆ ಅವನ ನಡತೆ ಅರ್ಥವಾಗುವುದಿಲ್ಲ, ಸುತ್ತಲಿನ ಸನ್ನಿವೇಶವನ್ನೂ ಸೇರಿಸಿಯೇ ನೋಡಬೇಕು ಅನ್ನುವುದು ಲೆವಿನ್ ಅವರ ವಾದ. ಟ್ರಿಸ್ಟ್ ಜೀವನಪೂರ್ತಿ ಮಾಡಿದ್ದೆಲ್ಲ ಈ ಮಾತಿನ ಬೆಳವಣಿಗೆ ಅಂತ ಹೇಳಿದರೂ ತಪ್ಪಿಲ್ಲ.

1933ರಲ್ಲಿ ಫೆಲೋಶಿಪ್ ಸಿಕ್ಕಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡ ಜನರನ್ನು ಕಣ್ಣಾರೆ ಕಂಡರು. ವಾಪಸ್ ಬಂದ ಮೇಲೆ ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ನಿರುದ್ಯೋಗದ ಅಧ್ಯಯನಕ್ಕೆ ಸೇರಿಕೊಂಡರು. ಡಂಡೀ ಅಂದರೆ ಸೆಣಬಿನ ಗಿರಣಿಗಳ ಊರು. ಬಂಗಾಳದಿಂದ ಹಡಗಿನಲ್ಲಿ ಬಂದ ಸೆಣಬನ್ನು ನೇಯ್ದು ಬದುಕಿದ ಊರು ಅದು. ಕೋಲ್ಕತ್ತದ ಸುತ್ತಲೇ ಗಿರಣಿಗಳು ಎದ್ದ ಮೇಲೆ ಡಂಡೀಯ ಕೆಲಸ ಸೊರಗುತ್ತಾ ಬಂದಿತ್ತು. ಕೆಲಸ ಹೋದರೆ ಸಂಬಳ ಮಾತ್ರ ಹೋಗುವುದಿಲ್ಲ, ದಿನದ ಕ್ರಮ, ಜೊತೆಗಾರರು, ತಾನು ಯಾರು ಅನ್ನುವ ಭಾವನೆ ಎಲ್ಲವೂ ಹೋಗುತ್ತದೆ ಅನ್ನುವುದನ್ನು ಅವರು ಹತ್ತಿರದಿಂದ ನೋಡಿದ್ದು ಇಲ್ಲಿ.

ಆಮೇಲೆ ಯುದ್ಧ. ಬ್ರಿಟಿಷ್ ಸೇನೆಗೆ ಅಧಿಕಾರಿಗಳು ಸಾಲುತ್ತಿರಲಿಲ್ಲ. ಆರಿಸಿದವರಲ್ಲೂ ಎಷ್ಟೋ ಜನ ತರಬೇತಿಯಲ್ಲೇ ಸೋಲುತ್ತಿದ್ದರು. ಒಳ್ಳೆ ಶಾಲೆ, ಒಳ್ಳೆ ಮನೆತನ ನೋಡಿ ಆರಿಸುವ ಹಳೇ ರೂಢಿ ಕೆಲಸಕ್ಕೆ ಬರುತ್ತಿರಲಿಲ್ಲ. ಆಗ ಹುಟ್ಟಿದ್ದು ವಾರ್ ಆಫೀಸ್ ಸೆಲೆಕ್ಷನ್ ಬೋರ್ಡ್‌ಗಳು. ಟ್ರಿಸ್ಟ್ ಆ ತಂಡದಲ್ಲಿದ್ದರು. ಅವರ ಜೊತೆಗಿದ್ದ ಮನೋವೈದ್ಯ ವಿಲ್ಫ್ರೆಡ್ ಬಯಾನ್ ಒಂದು ಹೊಸ ಪರೀಕ್ಷೆ ತಂದರು. ಅಭ್ಯರ್ಥಿಗಳ ಒಂದು ಗುಂಪಿಗೆ ಕೆಲಸ ಒಪ್ಪಿಸುವುದು, ಆದರೆ ನಾಯಕ ಯಾರು ಅಂತ ಹೇಳದಿರುವುದು. ಯಾರು ಮುಂದೆ ಬರುತ್ತಾರೆ, ಯಾರು ಬೇರೆಯವರ ಮಾತು ಕೇಳಿಸಿಕೊಳ್ಳುತ್ತಾರೆ, ಯಾರು ಸುಮ್ನೆ ಜೋರು ಮಾಡುತ್ತಾರೆ ಅಂತ ನೋಡುತ್ತಾ ಕೂರುವುದು.

ಇದು ನಮಗೆ ದೂರದ ಮಾತಲ್ಲ. ಇವತ್ತಿಗೂ ಬೆಂಗಳೂರಿನ ಸೆಲೆಕ್ಷನ್ ಸೆಂಟರ್‌ಗೋ ಮೈಸೂರಿನ ಏರ್‌ಫೋರ್ಸ್ ಸೆಲೆಕ್ಷನ್ ಬೋರ್ಡಿಗೋ ಎಸ್‌ಎಸ್‌ಬಿ, ಅಂದರೆ ಸೇನಾ ಅಧಿಕಾರಿಗಳ ಆಯ್ಕೆ ಪರೀಕ್ಷೆ, ಕೊಡಲು ಹೋದವರನ್ನು ಕೇಳಿ. ಹಲಗೆ, ಹಗ್ಗ, ದಿಮ್ಮಿ ಕೊಟ್ಟು ಗುಂಪಾಗಿ ಅಡ್ಡಿ ದಾಟಿ ಅನ್ನುತ್ತಾರೆ. ನಾಯಕನನ್ನು ಮಾತ್ರ ನೇಮಿಸುವುದಿಲ್ಲ. ಅದರ ಬೇರು ಇರುವುದು ಯುದ್ಧಕಾಲದ ಈ ಬ್ರಿಟಿಷ್ ಬೋರ್ಡುಗಳಲ್ಲೇ.

ಯುದ್ಧದ ಕೊನೆಗೆ ಟ್ರಿಸ್ಟ್ ಇನ್ನೊಂದು ಕೆಲಸ ಮಾಡಿದರು. ಶತ್ರುಗಳ ಸೆರೆಯಿಂದ ಬಿಡುಗಡೆಯಾಗಿ ಬಂದ ಸೈನಿಕರನ್ನು ಊರಿನ ಬದುಕಿಗೆ ಮರಳಿಸುವ ಶಿಬಿರಗಳು ಅವು. ಒಟ್ಟು 20 ಶಿಬಿರಗಳಿದ್ದವು. ಬರುವುದು ಬಿಡುವುದು ಸೈನಿಕರ ಇಷ್ಟ. ಬಂದವರು ಅಲ್ಲಿ ಏನು ಮಾಡಬೇಕು ಅನ್ನುವುದನ್ನೂ ಅವರವರೇ ಬಹುಮಟ್ಟಿಗೆ ತೀರ್ಮಾನಿಸುತ್ತಿದ್ದರು. ಆಜ್ಞೆಯ ಮೇಲೇ ನಡೆಯುವ ಸೇನೆಯೊಳಗೆ ಇಂಥದ್ದೊಂದು ಜಾಗ ನಡೆಯಿತು ಅನ್ನುವುದು ಟ್ರಿಸ್ಟ್ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಯುದ್ಧ ಮುಗಿದ ಮೇಲೆ ಅದೇ ಗುಂಪಿನ ಕೆಲವರು ಸೇರಿ ಲಂಡನ್ನಿನಲ್ಲಿ ಟ್ಯಾವಿಸ್ಟಾಕ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಶುರುವಿನ ಹಣ ಬಂದದ್ದು ರಾಕ್‌ಫೆಲರ್ ಫೌಂಡೇಷನ್‌ನಿಂದ. ಸಮಾಜವಿಜ್ಞಾನ ಪುಸ್ತಕದಲ್ಲಿ ಉಳಿಯಬಾರದು, ಕಷ್ಟ ಇರುವ ಜಾಗಕ್ಕೇ ಹೋಗಿ ಅಲ್ಲಿನ ಜನರ ಜೊತೆ ಸೇರಿ ಕೆಲಸ ಮಾಡಬೇಕು ಅನ್ನುವುದು ಅದರ ನಿಲುವು.

ಈಗ ಗಣಿಗೆ ಬರೋಣ.

ಟ್ಯಾವಿಸ್ಟಾಕ್‌ನಲ್ಲಿ ತರಬೇತಿಗೆ ಬಂದವರಲ್ಲಿ ಕೆನ್ ಬ್ಯಾಮ್‌ಫರ್ತ್ ಅನ್ನುವವರಿದ್ದರು. 18 ವರ್ಷ ಗಣಿಯೊಳಗೆ ಕಲ್ಲಿದ್ದಲು ಕಡಿದಿದ್ದ ಮನುಷ್ಯ. ತರಬೇತಿ ಒಂದು ವರ್ಷ ಆದ ಮೇಲೆ, ನೀವು ದುಡಿದ ಜಾಗಕ್ಕೇ ಮತ್ತೆ ಹೋಗಿ ಹೊಸ ಕಣ್ಣಿನಿಂದ ನೋಡಿ ಬನ್ನಿ ಅಂತ ಕಳಿಸಿದರು. ಬ್ಯಾಮ್‌ಫರ್ತ್ ಹೋದದ್ದು ದಕ್ಷಿಣ ಯಾರ್ಕ್‌ಷೈರ್‌ನ ಎಲ್ಸೆಕಾರ್ ಗಣಿಗೆ. ಅಲ್ಲಿ ಕಂಡದ್ದು ಅವರಿಗೇ ಅಚ್ಚರಿ ತಂದಿತು. ಬಂದು ಹೇಳಿದರು, ಟ್ರಿಸ್ಟ್ ಅವರೂ ಜೊತೆಗೆ ಹೋಗಿ ಗಣಿಗೆ ಇಳಿದರು. 1951ರಲ್ಲಿ ಇಬ್ಬರೂ ಸೇರಿ ಬರೆದ ಪ್ರಬಂಧ 'ಹ್ಯೂಮನ್ ರಿಲೇಷನ್ಸ್' ಪತ್ರಿಕೆಯಲ್ಲಿ ಬಂತು. ಕೆಲಸದ ಜಾಗದ ಅಧ್ಯಯನದಲ್ಲಿ ಇಷ್ಟು ದೂರ ಸದ್ದು ಮಾಡಿದ ಪ್ರಬಂಧ ಕಡಿಮೆ. ನನ್ನ ಮಟ್ಟಿಗೆ ಅದರ ಬಲ ಇರುವುದು ಬ್ಯಾಮ್‌ಫರ್ತ್ ಅವರ ಜಡ್ಡುಗಟ್ಟಿದ ಕೈಗಳಲ್ಲಿ. ಮೇಲಿಂದ ಬಂದ ಪರಿಣತರಿಗೆ ಕಾಣದ್ದು ಅವರಿಗೆ ಕಾಣುತ್ತಿತ್ತು.

ಮೊದಲು ಹಳೇ ಪದ್ಧತಿ ಹೇಗಿತ್ತು ಅಂತ ನೋಡೋಣ. ಯಂತ್ರ ಬರುವ ಮೊದಲು ಇಬ್ಬರು ಗಣಿಗಾರರು ಒಂದು ಜೋಡಿ. ಜೊತೆಗೆ ಕಲ್ಲಿದ್ದಲು ತುಂಬಿದ ತೊಟ್ಟಿ ತಳ್ಳಲು ಒಬ್ಬ ಹುಡುಗ. ಗುತ್ತಿಗೆಯ ಮಾತನ್ನು ಈ ಜೋಡಿಯೇ ಮ್ಯಾನೇಜರ್ ಜೊತೆ ಆಡುತ್ತಿತ್ತು. ಕಲ್ಲಿದ್ದಲಿನ ಒಂದು ಸಣ್ಣ ಮುಖ, ಅಂದರೆ ಕಡಿಯುವ ಗೋಡೆಯ ಒಂದು ತುಂಡು, ಅವರದ್ದು. ಕಡಿಯುವುದು, ತುಂಬುವುದು, ತಲೆ ಮೇಲಿನ ಬಂಡೆ ಬೀಳದ ಹಾಗೆ ಆನಿಕೆ ಕೊಡುವುದು ಎಲ್ಲ ಅವರದೇ. ಜೊತೆಗಾರ ಯಾರು ಅಂತ ಅವರೇ ಆರಿಸಿಕೊಳ್ಳುತ್ತಿದ್ದರು. ಆ ನಂಟು ಎಷ್ಟು ಗಾಢ ಅಂದರೆ, ಒಬ್ಬ ಸತ್ತರೆ ಅಥವಾ ಕೈಕಾಲು ಕಳೆದುಕೊಂಡರೆ ಅವನ ಸಂಸಾರವನ್ನು ಜೊತೆಗಾರ ನೋಡಿಕೊಳ್ಳುವುದೂ ಇತ್ತು. ಮೇಲ್ವಿಚಾರಕರು ಬಂದು ಹೀಗೆ ಕಡಿ, ಹಾಗೆ ಕಡಿ ಅನ್ನುವ ಹಾಗಿರಲಿಲ್ಲ. ಕತ್ತಲಲ್ಲಿ ಚದುರಿಹೋದ ಹತ್ತಾರು ಜಾಗಗಳಲ್ಲಿ ಮೇಲ್ವಿಚಾರಣೆ ಸಾಧ್ಯವೂ ಇರಲಿಲ್ಲ. ಟ್ರಿಸ್ಟ್ ಇದನ್ನು ಹೊಣೆ ಹೊತ್ತ ಸ್ವಾತಂತ್ರ್ಯ ಅಂತ ಕರೆದರು. ಹಳೇ ಕಾಲ ಸ್ವರ್ಗವಾಗಿತ್ತು ಅಂತಲ್ಲ. ಅಪಾಯ, ಬಡತನ, ಒಳ್ಳೆ ಜಾಗಕ್ಕಾಗಿ ಜೋಡಿ ಜೋಡಿಗಳ ನಡುವೆ ಕಿತ್ತಾಟ, ಮೇಲಧಿಕಾರಿಗೆ ಲಂಚ ಎಲ್ಲವೂ ಇತ್ತು. ಅದನ್ನೂ ಪ್ರಬಂಧ ಮುಚ್ಚಿಡಲಿಲ್ಲ.

ಕಡಿಯುವ ಯಂತ್ರ, ಬೆಲ್ಟ್ ಕನ್ವೇಯರ್ ಬಂದ ಮೇಲೆ ಉದ್ದ ಗೋಡೆಯ ಪದ್ಧತಿ ಶುರುವಾಯಿತು. ಸಣ್ಣ ಸಣ್ಣ ಮುಖಗಳ ಬದಲು 180ರಿಂದ 200 ಗಜ ಉದ್ದದ ಒಂದೇ ಗೋಡೆ. ಕೆಲಸ ಮೂರು ಪಾಳಿಗೆ ಹಂಚಿಹೋಯಿತು. ಮೊದಲ ಪಾಳಿಯವರು ಕಲ್ಲಿದ್ದಲಿನ ಬುಡ ಕೊಯ್ದು, ಸಿಡಿಮದ್ದಿಗೆ ತೂತು ಕೊರೆಯಬೇಕು. ಎರಡನೇ ಪಾಳಿಯವರು ಬೆಲ್ಟನ್ನು ಬಿಚ್ಚಿ ಮುಂದಕ್ಕೆ ಸರಿಸಿ ಜೋಡಿಸಬೇಕು, ದಾರಿ ಅಗೆದು ಎತ್ತರಿಸಬೇಕು. ಮೂರನೇ ಪಾಳಿಯವರು ಸಿಡಿದು ಸಡಿಲವಾದ ಕಲ್ಲಿದ್ದಲನ್ನು ಬೆಲ್ಟಿಗೆ ತುಂಬಬೇಕು. ಸುಮಾರು 40ರಿಂದ 50 ಮಂದಿ, ಏಳು ಬಗೆಯ ಕೆಲಸ. ಒಬ್ಬನಿಗೆ ಒಂದೇ ಕೆಲಸ. ಪ್ರತಿ ಕೆಲಸಕ್ಕೂ ಬೇರೆ ದರ, ಬೇರೆ ಲೆಕ್ಕ, ಬೇರೆ ಮರ್ಯಾದೆ. ಒಂದು ಪಾಳಿಯವರು ಇನ್ನೊಂದು ಪಾಳಿಯವರ ಮುಖವನ್ನೂ ನೋಡುವುದಿಲ್ಲ.

ಈ ಮೂರನೇ ಪಾಳಿಯ ತುಂಬುವವನ ಪಾಡು ನೋಡಿ. ಕಲ್ಲಿದ್ದಲಿನ ಪದರ ಒಂದು ಮೀಟರಿಗೂ ಕಡಿಮೆ ಎತ್ತರ. ಮೊಣಕಾಲ ಮೇಲೆ, ಮಗ್ಗುಲ ಮೇಲೆ ತೆವಳಿಕೊಂಡೇ ಕೆಲಸ. ದೂಳು, ಬೆಲ್ಟಿನ ಸದ್ದು. ಇಪ್ಪತ್ತು ಮಂದಿ ಉದ್ದಕ್ಕೂ ಹಂಚಿಹೋಗಿದ್ದಾರೆ, ಒಬ್ಬೊಬ್ಬನಿಗೆ ಹತ್ತು ಗಜದಷ್ಟು ಜಾಗ. ಪಾಳಿ ಮುಗಿಯುವುದರೊಳಗೆ ತನ್ನ ಪಾಲು ಖಾಲಿಯಾಗಬೇಕು. ಮೊದಲ ಪಾಳಿಯವನು ತೂತು ಸರಿಯಾಗಿ ಕೊರೆದಿರದಿದ್ದರೆ ಕಲ್ಲಿದ್ದಲು ಮೇಲಿನ ಬಂಡೆಗೆ ಅಂಟಿಕೊಂಡೇ ಉಳಿಯುತ್ತದೆ. ಅದನ್ನು ಕೀಳುವ ಶ್ರಮ ಇವನದು. ಬುಡ ಸರಿಯಾಗಿ ಕೊಯ್ದಿರದಿದ್ದರೆ ಕಷ್ಟ ಇವನಿಗೆ. ಬೆಲ್ಟ್ ಸರಿಯಾಗಿ ಜೋಡಿಸಿರದಿದ್ದರೆ ನಿಂತುಹೋಗುತ್ತದೆ, ಆಗಲೂ ಕಷ್ಟ ಇವನಿಗೇ. ತಪ್ಪು ಮಾಡಿದವರು ಆಗಲೇ ಮನೆಗೆ ಹೋಗಿ ಮಲಗಿದ್ದಾರೆ. ಪಕ್ಕದವನನ್ನು ಕರೆಯೋಣ ಅಂದರೆ ಅವನಿಗೆ ಅವನ ಹತ್ತು ಗಜದ ಚಿಂತೆ. ಇವನು ಮುಗಿಸದಿದ್ದರೆ ಮುಂದಿನ ಪಾಳಿ ಶುರುವಾಗುವ ಹಾಗಿಲ್ಲ, ಇಡೀ ಚಕ್ರವೇ ನಿಲ್ಲುತ್ತದೆ.

ಹೀಗಾದಾಗ ಮನುಷ್ಯ ಏನು ಮಾಡುತ್ತಾನೆ? ಟ್ರಿಸ್ಟ್ ಮತ್ತು ಬ್ಯಾಮ್‌ಫರ್ತ್ ನಾಲ್ಕು ದಾರಿ ಕಂಡರು. ಹತ್ತಿರದ ಮೂರು ನಾಲ್ಕು ಮಂದಿ ಸಣ್ಣ ಗುಂಪು ಕಟ್ಟಿಕೊಂಡು ಒಬ್ಬರಿಗೊಬ್ಬರು ನೆರವಾಗುತ್ತಾರೆ, ಆದರೆ ಗುಂಪಿನ ಹೊರಗೆ ಉಳಿದವನು ಒಂಟಿಯಾಗುತ್ತಾನೆ. ಗುಂಪು ಸಿಗದವನು ನನ್ನ ಪಾಡು ನನಗೆ ಅಂತ ಕಪಟಕ್ಕೆ ಇಳಿಯುತ್ತಾನೆ. ತಪ್ಪನ್ನು ಬೇರೆ ಪಾಳಿಯ ಮೇಲೆ ಹೊರಿಸುವುದು ಅಭ್ಯಾಸವಾಗುತ್ತದೆ. ನಾಲ್ಕನೆಯದು ಗೈರುಹಾಜರಿ. ಇದನ್ನು ಸೋಮಾರಿತನ ಅಂತ ಅವರು ಬರೆಯಲಿಲ್ಲ. ತಡೆಯಲಾಗದ ಕೆಲಸದಿಂದ ಮನುಷ್ಯ ತನಗೆ ತಾನೇ ಕೊಟ್ಟುಕೊಳ್ಳುವ ಪರಿಹಾರ ಅಂತ ಬರೆದರು. ಅಧಿಕಾರಿಗಳು ಶಿಸ್ತಿನ ಸಮಸ್ಯೆ ಅಂತ ನೋಡುತ್ತಿದ್ದುದನ್ನು ಇವರು ಕೆಲಸದ ಜೋಡಣೆಯ ಸಮಸ್ಯೆ ಅಂತ ತೋರಿಸಿದರು. ಎಷ್ಟು ದೊಡ್ಡ ಬದಲಾವಣೆ, ಅಲ್ವಾ? ಬೈಗುಳ ತಿನ್ನಬೇಕಾದವನು ಕಾರ್ಮಿಕನಲ್ಲ, ಈ ಕೆಲಸವನ್ನು ಹೀಗೆ ತುಂಡು ಮಾಡಿದ ನಕ್ಷೆ.

ಹಾಗಾದರೆ ಎಲ್ಸೆಕಾರ್‌ನಲ್ಲಿ ಬ್ಯಾಮ್‌ಫರ್ತ್‌ಗೆ ಅಚ್ಚರಿ ತಂದದ್ದು ಏನು? ಅಲ್ಲಿ ಹೇಮೂರ್ ಅನ್ನುವ ಪದರವಿತ್ತು. ಹಳೇ ವಿಧಾನದಲ್ಲಿ ಅದನ್ನು ತೆಗೆಯುವುದು ಸಾಧ್ಯವಿರಲಿಲ್ಲ. ಮೇಲಿನ ಬಂಡೆಯನ್ನು ಹಿಡಿದು ನಿಲ್ಲಿಸುವ ಹೊಸ ವಿಧಾನ ಬಂದ ಮೇಲೆ ಅದು ಸಾಧ್ಯವಾಯಿತು. ಆಗ ಅಲ್ಲಿನ ಕಾರ್ಮಿಕರು, ಯೂನಿಯನ್ ಮತ್ತು ಮ್ಯಾನೇಜರ್ ಸೇರಿ ಬೇರೆಯೇ ಏರ್ಪಾಡು ಮಾಡಿಕೊಂಡಿದ್ದರು. ಗುಂಪುಗಳು ಇಡೀ ಕೆಲಸಕ್ಕೆ ತಾವೇ ಹೊಣೆ. ಯಾವತ್ತು ಯಾರು ಏನು ಮಾಡಬೇಕು ಅಂತ ಗುಂಪೇ ಹಂಚಿಕೊಳ್ಳುತ್ತಿತ್ತು. ಕೆಲಸವೂ ಬದಲಾಗುತ್ತಿತ್ತು, ಪಾಳಿಯೂ ಬದಲಾಗುತ್ತಿತ್ತು. ಮೇಲ್ವಿಚಾರಣೆ ತೀರಾ ಕಡಿಮೆ. ಗೈರುಹಾಜರಿ ಕಡಿಮೆ, ಅಪಘಾತ ಕಡಿಮೆ, ಕಲ್ಲಿದ್ದಲು ಜಾಸ್ತಿ. ಹಳೇ ಜೋಡಿಗಳ ಸ್ವಭಾವ ಹೊಸ ಯಂತ್ರದ ಜೊತೆಗೇ ಮರಳಿ ಬಂದಿತ್ತು.

ಇಲ್ಲಿಂದ ಟ್ರಿಸ್ಟ್ ಅವರ ಮುಖ್ಯ ವಿಚಾರ ಹುಟ್ಟಿತು. ಯಾವುದೇ ಕೆಲಸದ ಜಾಗದಲ್ಲಿ ಎರಡು ವ್ಯವಸ್ಥೆ ಇರುತ್ತವೆ. ಒಂದು ತಾಂತ್ರಿಕ: ಯಂತ್ರ, ಸಾಮಾನು, ಕೆಲಸದ ಹಂತಗಳು. ಇನ್ನೊಂದು ಸಾಮಾಜಿಕ: ಯಾರು ಯಾರ ಜೊತೆ, ಯಾರ ಮಾತು ಯಾರು ಕೇಳಬೇಕು, ಯಾರಿಗೆ ಯಾವುದರ ಹೊಣೆ, ಹಣದ ಲೆಕ್ಕ ಹೇಗೆ. ಎರಡಕ್ಕೂ ಅದರದರದೇ ನಿಯಮಗಳಿವೆ. ಒಂದನ್ನು ಮಾತ್ರ ಚೆನ್ನಾಗಿ ಮಾಡಲು ಹೋದರೆ ಇನ್ನೊಂದು ಕೆಡುತ್ತದೆ, ಕೊನೆಗೆ ಎರಡೂ ಕೆಡುತ್ತವೆ. ಎರಡನ್ನೂ ಒಟ್ಟಿಗೆ ಹೊಂದಿಸಬೇಕು. ಇದಕ್ಕೆ ಸಾಮಾಜಿಕ-ತಾಂತ್ರಿಕ ವ್ಯವಸ್ಥೆ ಅನ್ನುವ ಹೆಸರು ಬಂತು.

ಓದುವಾಗ ಇದು ಯಾರಿಗೂ ಗೊತ್ತಿರುವ ಮಾತು ಅನ್ನಿಸಬಹುದು. ಆ ಕಾಲದ ಎರಡು ದೊಡ್ಡ ಪಂಥಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದರ ಹೊಸತನ ಕಾಣುತ್ತದೆ. ಅಮೆರಿಕದ ಫ್ರೆಡರಿಕ್ ಟೇಲರ್, ಕೆಲಸವನ್ನು ಚೂರು ಚೂರು ಮಾಡಿ, ಗಡಿಯಾರ ಹಿಡಿದು ಅಳೆದು, ಯೋಚನೆ ಆಫೀಸಿಗೆ, ದುಡಿಮೆ ಕಾರ್ಮಿಕನಿಗೆ ಅಂದಿದ್ದರು. ಎಲ್ಟನ್ ಮೇಯೊ ಮತ್ತು ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಪ್ರಯೋಗಗಳ ಕಡೆಯವರು, ಮನುಷ್ಯ ಯಂತ್ರವಲ್ಲ, ಅವನ ಗುಂಪು, ಭಾವನೆ, ಅವನ ಜೊತೆ ಅಧಿಕಾರಿ ನಡೆದುಕೊಳ್ಳುವ ರೀತಿ ಮುಖ್ಯ ಅಂದರು. ಆದರೆ ಕೆಲಸ ಮಾತ್ರ ಇದ್ದ ಹಾಗೇ ಉಳಿಯಿತು. ತುಂಡಾದ ಕೆಲಸವನ್ನೇ ಒಳ್ಳೆ ಮಾತಿನಲ್ಲಿ ಮಾಡಿಸಿದ ಹಾಗಾಯಿತು. ಟ್ರಿಸ್ಟ್ ಕೈ ಹಾಕಿದ್ದು ಕೆಲಸದ ರಚನೆಗೇ. ಆ ಹತ್ತು ಗಜದೊಳಗೆ ಒಂಟಿಯಾಗಿ ತೆವಳುವವನ ಹತ್ತಿರ ಹೋಗಿ ನಗುನಗುತ್ತಾ ಮಾತಾಡಿದರೆ ಬಂಡೆಗೆ ಅಂಟಿದ ಕಲ್ಲಿದ್ದಲು ಬೀಳುತ್ತದೆಯೇ?

ಇನ್ನೊಂದು ಮಾತೂ ಇದರೊಳಗಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಯಂತ್ರ ಬಂದರೆ ಕೆಲಸ ಹೀಗೇ ಇರಬೇಕಾಗುತ್ತದೆ, ಬೇರೆ ದಾರಿ ಇಲ್ಲ ಅಂತ ಎಲ್ಲರೂ ನಂಬಿದ್ದರು. ಬೇರೆ ದಾರಿ ಇದೆ ಅಂತ ಟ್ರಿಸ್ಟ್ ತಂಡ ಅಳೆದು ತೋರಿಸಿತು. ಇಂಗ್ಲೆಂಡಿನ ಡರ್ಹಮ್ ಗಣಿಗಳಲ್ಲಿ ನಡೆದ ಅಧ್ಯಯನ 1963ರಲ್ಲಿ ಪುಸ್ತಕವಾಗಿ ಬಂತು. ಅದರಲ್ಲಿ ಎರಡು ಉದ್ದ ಗೋಡೆಗಳ ಹೋಲಿಕೆಯಿದೆ. ಪದರ ಅದೇ, ಯಂತ್ರಗಳು ಅವೇ. ಬೇರೆಯಿದ್ದದ್ದು ಜನರನ್ನು ಜೋಡಿಸಿದ ರೀತಿ ಮಾತ್ರ. ಒಂದು ಕಡೆ ಒಬ್ಬನಿಗೆ ಒಂದೇ ಕೆಲಸ. ಇನ್ನೊಂದು ಕಡೆ 41 ಮಂದಿಯ ಒಂದೇ ತಂಡ. ಅವರೇ ಒಬ್ಬರನ್ನೊಬ್ಬರು ಆರಿಸಿಕೊಂಡಿದ್ದರು. ಸಂಬಳದ ಚೀಟಿ ಇಡೀ ತಂಡಕ್ಕೆ ಒಂದೇ. ಹಿಂದಿನ ಪಾಳಿ ಎಲ್ಲಿ ಬಿಟ್ಟಿತೋ ಅಲ್ಲಿಂದ ಮುಂದಿನ ಪಾಳಿ ಎತ್ತಿಕೊಳ್ಳುತ್ತಿತ್ತು, ಅದು ತನ್ನ ಕೆಲಸ ಹೌದೋ ಅಲ್ಲವೋ ಅಂತ ನೋಡುತ್ತಿರಲಿಲ್ಲ.

ಫಲಿತಾಂಶ ನೋಡಿ. ಆ ಗೋಡೆಯಿಂದ ತೆಗೆಯಬಹುದಾದ ಕಲ್ಲಿದ್ದಲಿನಲ್ಲಿ ಒಬ್ಬನಿಗೆ ಒಂದೇ ಕೆಲಸದ ಜೋಡಣೆ ಶೇಕಡಾ 78 ತೆಗೆಯಿತು, ತಂಡದ ಜೋಡಣೆ 95 ತೆಗೆಯಿತು. ಗೈರುಹಾಜರಿ ಒಂದು ಕಡೆ ಶೇಕಡಾ 20, ಇನ್ನೊಂದು ಕಡೆ 8.2. ಅಪಘಾತದಿಂದಾದ ಗೈರುಹಾಜರಿಯೂ ಅರ್ಧಕ್ಕಿಂತ ಕೆಳಗಿಳಿದಿತ್ತು. ಮೂರು ಪಾಳಿಯ ಚಕ್ರ ಒಮ್ಮೆಯೂ ತಪ್ಪದೆ ಸತತವಾಗಿ ನಡೆದದ್ದು ಮೊದಲನೆಯದರಲ್ಲಿ 12 ವಾರ, ತಂಡದ ಜೋಡಣೆಯಲ್ಲಿ 65 ವಾರ. ಯಂತ್ರದಲ್ಲಿ ಒಂದು ಬೋಲ್ಟೂ ಬದಲಾಗಿರಲಿಲ್ಲ.

ಯಾಕೆ ಹೀಗಾಗುತ್ತದೆ ಅನ್ನುವುದನ್ನು ನಮ್ಮ ಮದುವೆ ಮನೆಯ ಅಡುಗೆ ಭಟ್ಟರ ತಂಡದಲ್ಲಿ ನೋಡಬಹುದು. ಅನ್ನ ಬಸಿಯುವವನು ಬರಲಿಲ್ಲ ಅಂದರೆ ಪಂಕ್ತಿ ನಿಲ್ಲುವುದಿಲ್ಲ, ಪಲ್ಯದವನು ಎದ್ದು ಹೋಗಿ ಅನ್ನ ಬಸಿಯುತ್ತಾನೆ. ಟ್ರಿಸ್ಟ್ ಅವರ ದೀರ್ಘಕಾಲದ ಜೊತೆಗಾರ, ಆಸ್ಟ್ರೇಲಿಯಾದ ಫ್ರೆಡ್ ಎಮೆರಿ ಇದನ್ನು ಹೀಗೆ ವಿವರಿಸಿದರು. ಅನಿರೀಕ್ಷಿತವಾಗಿ ಏನಾದರೂ ಆದರೆ ತಡೆದುಕೊಳ್ಳಲು ಎರಡು ಉಪಾಯಗಳಿವೆ. ಒಂದೇ ಕೆಲಸ ಗೊತ್ತಿರುವ ಜನರನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುವುದು ಒಂದು. ಇರುವ ಪ್ರತಿಯೊಬ್ಬನಿಗೂ ಹಲವು ಕೆಲಸ ಕಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯ ಬದಲಿ ಬಿಡಿಭಾಗ ಆಗುತ್ತಾನೆ. ಅವರೆಲ್ಲರನ್ನೂ ಹೊಂದಿಸಲು ಮೇಲೊಬ್ಬ ಮೇಲ್ವಿಚಾರಕ, ಅವನ ಮೇಲೆ ಇನ್ನೊಬ್ಬ ಬೇಕು. ಎರಡನೆಯದರಲ್ಲಿ ಹೊಂದಿಸುವ ಕೆಲಸವೂ ತಂಡದೊಳಗೇ ಇರುತ್ತದೆ.

ಇಷ್ಟು ಒಳ್ಳೆಯ ಅಂಕಿಗಳಿದ್ದರೂ ಕೋಲ್ ಬೋರ್ಡ್ ಇದನ್ನು ಎತ್ತಿಕೊಳ್ಳಲಿಲ್ಲ. ಎಲ್ಸೆಕಾರ್ ಬಗ್ಗೆ ಹೆಚ್ಚು ಪ್ರಚಾರ ಬೇಡ ಅನ್ನುವ ನಿಲುವು ಮೇಲಿನವರದ್ದಾಗಿತ್ತು. ಯಂತ್ರಗಳನ್ನು ಹೆಚ್ಚಿಸುವ ಯೋಜನೆ ನಡೆಯುತ್ತಿರುವಾಗ ಕೆಲಸದ ಪದ್ಧತಿಯನ್ನೇ ಬದಲಿಸುವ ತಲೆನೋವು ಅವರಿಗೆ ಬೇಡವಾಗಿತ್ತು. ಗುಂಪುಗಳೇ ತಮ್ಮನ್ನು ನಡೆಸಿಕೊಂಡರೆ ನಮ್ಮ ಅಧಿಕಾರದ ಗತಿ ಏನು ಅನ್ನುವ ಅಳುಕೂ ಇಂಥ ಕಡೆ ಇದ್ದೇ ಇರುತ್ತದೆ ಅಂತ ನಾನು ನಂಬುತ್ತೇನೆ. ಒಳ್ಳೆಯ ಫಲಿತಾಂಶ ತೋರಿಸಿದರೆ ಸಾಕು, ಒಪ್ಪುತ್ತಾರೆ ಅನ್ನುವುದು ಕೆಲಸದ ಜಾಗದಲ್ಲಿ ನಡೆಯುವ ಮಾತಲ್ಲ.

ಗಣಿಯಿಂದಾಚೆ ಈ ವಿಚಾರ ಮೊದಲು ಬೇರು ಬಿಟ್ಟ ಜಾಗಗಳಲ್ಲಿ ನಮ್ಮ ಅಹಮದಾಬಾದ್ ಒಂದು. 1953ರಲ್ಲಿ ಟ್ಯಾವಿಸ್ಟಾಕ್‌ನ ಎ. ಕೆ. ರೈಸ್ ಸಾರಾಭಾಯಿ ಮನೆತನದ ಕ್ಯಾಲಿಕೋ ಮಿಲ್ಲಿಗೆ ಬಂದರು. ಅಲ್ಲಿ ಅದಕ್ಕೂ ಮೊದಲು ಸ್ವಯಂಚಾಲಿತ ಮಗ್ಗಗಳನ್ನು ತಂದು ಹಾಕಿದ್ದರು. ಆದರೆ ಬಟ್ಟೆ ನಿರೀಕ್ಷೆಯಷ್ಟು ಹೆಚ್ಚಿರಲಿಲ್ಲ, ಹಾಳಾಗುವುದೂ ತಗ್ಗಿರಲಿಲ್ಲ. ಒಂದು ಶೆಡ್ಡಿನಲ್ಲಿ 224 ಮಗ್ಗ, 29 ಕಾರ್ಮಿಕರು, 12 ಬಗೆಯ ಕೆಲಸ. ನೇಕಾರ, ಬ್ಯಾಟರಿಗೆ (ಮಗ್ಗಕ್ಕೆ ನೂಲಿನ ಉರುಳೆ ಒದಗಿಸುವ ಭಾಗ) ನೂಲು ತುಂಬುವವನು, ಹರಿದ ಎಳೆ ಸರಿಮಾಡುವವನು, ಮಗ್ಗದ ರಿಪೇರಿ ನೋಡುವ ಜಾಬರ್, ಎಣ್ಣೆ ಹಾಕುವವನು, ಗುಡಿಸುವವನು ಹೀಗೆ. ನೇಕಾರನಿಗೆ ಒಂದು ಲೆಕ್ಕದ ಮಗ್ಗಗಳು, ಬ್ಯಾಟರಿ ತುಂಬುವವನಿಗೆ ಇನ್ನೊಂದು ಲೆಕ್ಕ, ಜಾಬರ್‌ಗೆ ಮತ್ತೊಂದು. ಹಾಗಾಗಿ ಯಾರ ಜೊತೆ ಯಾರು ಅನ್ನುವುದೇ ಇರಲಿಲ್ಲ. ಒಬ್ಬ ನೇಕಾರನಿಗೆ ಯಾವ ಬ್ಯಾಟರಿಯವನು ತನ್ನವನು ಅಂತ ಹೇಳಲಾಗದ ಸ್ಥಿತಿ. ಯಂತ್ರ ಹೊಸದು, ದೇಶ ಬೇರೆ, ಆದರೂ ಡರ್ಹಮ್ ಗಣಿಯ ಅದೇ ರೋಗ.

ಒಂದಷ್ಟು ಮಗ್ಗಗಳಿಗೆ ಒಂದು ಸಣ್ಣ ತಂಡ, ಆ ಮಗ್ಗಗಳ ಎಲ್ಲ ಕೆಲಸ ಆ ತಂಡದ್ದೇ ಆಗಲಿ ಅನ್ನುವ ಸಲಹೆಯನ್ನು ರೈಸ್ ಮುಂದಿಟ್ಟರು. ಮ್ಯಾನೇಜರುಗಳು ಒಪ್ಪಿದರು. ಕಾರ್ಮಿಕರಂತೂ ಅದನ್ನು ಕೂಡಲೇ ತಮ್ಮದಾಗಿಸಿಕೊಂಡು ತಾವೇ ತಂಡ ಕಟ್ಟಿಕೊಂಡರು. ಶುರುವಿನಲ್ಲಿ ಏಳುಬೀಳು ಇತ್ತು. ನೆಲೆ ನಿಂತ ಮೇಲೆ ಬಟ್ಟೆ ಹೆಚ್ಚಿತು, ಹಾಳಾಗುವುದು ತಗ್ಗಿತು. ಆಮೇಲೆ ಬೇರೆ ಶೆಡ್‌ಗಳಿಗೂ ಈ ಪದ್ಧತಿ ಹಬ್ಬಿತು.

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧ. 1970ರಲ್ಲಿ ಟ್ಯಾವಿಸ್ಟಾಕ್‌ನ ಎರಿಕ್ ಮಿಲ್ಲರ್ ಮತ್ತೆ ಅದೇ ಮಿಲ್ಲಿಗೆ ಹೋಗಿ ನೋಡಿದರು. ಸಾಮಾನ್ಯ ಮಗ್ಗಗಳ ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಉಳಿದ ಕಡೆ ಸವೆದುಹೋಗಿತ್ತು. ಮಾರುಕಟ್ಟೆ ಬದಲಾಗಿತ್ತು, ಬಟ್ಟೆಯ ಬಗೆ ಬದಲಾಗಿತ್ತು, ಒತ್ತಡ ಹೆಚ್ಚಿತ್ತು. ಕಷ್ಟ ಬಂದಾಗಲೆಲ್ಲ ಮೇಲ್ವಿಚಾರಕರು ಮಧ್ಯೆ ಬಂದು ಕೈ ಹಾಕಿದ್ದರು. ಒಂದೊಂದು ಸಲ ಕೈ ಹಾಕಿದಾಗಲೂ ತಂಡದ ಹೊಣೆ ಸ್ವಲ್ಪ ಕಮ್ಮಿಯಾಯಿತು. ಟ್ಯಾವಿಸ್ಟಾಕ್‌ನವರು ತಮ್ಮದೇ ಯಶಸ್ಸಿನ ಕಥೆಯನ್ನು ಹದಿನೇಳು ವರ್ಷದ ಮೇಲೆ ಹೋಗಿ ಪರೀಕ್ಷಿಸಿ, ಕಂಡದ್ದನ್ನು ಕಂಡ ಹಾಗೆ ಬರೆದರು. ಈ ಪ್ರಾಮಾಣಿಕತೆಗಾಗಿ ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚು.

1960ರ ದಶಕದಲ್ಲಿ ಎಮೆರಿ ಮತ್ತು ಐನಾರ್ ಥೋರ್ಸ್‌ರುಡ್ ಇದನ್ನು ನಾರ್ವೆಗೆ ಒಯ್ದರು. ಅಲ್ಲಿ ಯೂನಿಯನ್ನುಗಳ ಒಕ್ಕೂಟ ಮತ್ತು ಮಾಲೀಕರ ಒಕ್ಕೂಟ ಒಟ್ಟಿಗೆ ನಿಂತು ಪ್ರಯೋಗ ಮಾಡಿದವು. ಮನುಷ್ಯನಿಗೆ ಕೆಲಸದಿಂದ ಏನೇನು ಬೇಕು ಅನ್ನುವ ಅವರ ಪಟ್ಟಿ ಸರಳವಾಗಿದೆ: ಕೆಲಸದಲ್ಲಿ ವೈವಿಧ್ಯ ಇರಬೇಕು, ಕಲಿಯುತ್ತಾ ಹೋಗಬೇಕು, ಇದನ್ನು ನಾನೇ ತೀರ್ಮಾನಿಸಬಹುದು ಅನ್ನುವ ಒಂದು ಜಾಗ ಬೇಕು, ಜೊತೆಗಾರರ ಬೆಂಬಲ ಬೇಕು, ಮಾಡುವ ಕೆಲಸ ಸಮಾಜಕ್ಕೆ ಉಪಯೋಗ ಅಂತ ಕಾಣಬೇಕು, ಮುಂದೆ ಒಳ್ಳೆಯದು ಕಾದಿದೆ ಅನ್ನುವ ನಂಬಿಕೆ ಬೇಕು. ಸ್ವೀಡನ್ನಿನಲ್ಲಿ ವೋಲ್ವೋ 1974ರಲ್ಲಿ ಕಾಲ್ಮಾರ್ ಕಾರ್ಖಾನೆಯನ್ನು ಕಟ್ಟಿದ್ದೇ ತಂಡಗಳಿಗಾಗಿ.

1965ರಲ್ಲಿ ಎಮೆರಿ ಮತ್ತು ಟ್ರಿಸ್ಟ್ ಬರೆದ ಇನ್ನೊಂದು ಪ್ರಬಂಧ ಕಾರ್ಖಾನೆಯ ಗೋಡೆಯ ಹೊರಗೆ ನೋಡಿತು. ಒಂದು ಕಂಪನಿಯ ಸುತ್ತಲಿನ ಪ್ರಪಂಚ ಎಲ್ಲ ಕಾಲದಲ್ಲೂ ಒಂದೇ ಬಗೆಯದ್ದಲ್ಲ. ಕೆಲವೊಮ್ಮೆ ಶಾಂತವಾಗಿರುತ್ತದೆ, ಕೆಲವೊಮ್ಮೆ ಎದುರಾಳಿಗಳ ಪೈಪೋಟಿ ಇರುತ್ತದೆ. ಇನ್ನೊಂದು ಸ್ಥಿತಿಯಲ್ಲಿ ನೆಲವೇ ಅಲುಗಾಡುತ್ತಿರುತ್ತದೆ. ಎಲ್ಲರೂ ಒಟ್ಟಿಗೆ ಮಾಡಿದ್ದರ ಪರಿಣಾಮ ಯಾರೂ ಎಣಿಸದ ಕಡೆಯಿಂದ ಬಂದು ಬಡಿಯುತ್ತದೆ. ಇಂಥ ಕಾಲದಲ್ಲಿ ಮೇಲೆ ಕೂತ ಒಬ್ಬ ಬುದ್ಧಿವಂತ ಯೋಜನೆ ಹಾಕಿ ಪಾರಾಗುವುದು ಸಾಧ್ಯವಿಲ್ಲ, ಒಂದೊಂದೇ ಸಂಸ್ಥೆ ಬದುಕಿಕೊಳ್ಳುವುದೂ ಕಷ್ಟ, ಹಂಚಿಕೊಂಡ ಮೌಲ್ಯಗಳ ಮೇಲೆ ಕೈ ಜೋಡಿಸಲೇಬೇಕು ಅನ್ನುವುದು ಅವರ ವಾದ. ಅರವತ್ತು ವರ್ಷದ ಹಿಂದೆ ಬರೆದದ್ದು ಅಂತ ನಂಬುವುದೇ ಕಷ್ಟ.

1966ರಲ್ಲಿ ಟ್ರಿಸ್ಟ್ ಅಮೆರಿಕಕ್ಕೆ ಹೋದರು. ಮೊದಲು ಲಾಸ್ ಏಂಜಲೀಸ್, ಆಮೇಲೆ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯ, ಕೊನೆಗೆ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯ. 1973ರ ಹೊತ್ತಿಗೆ ಮತ್ತೆ ಕಲ್ಲಿದ್ದಲಿಗೇ ಬಂದರು. ಪೆನ್ಸಿಲ್ವೇನಿಯದ ರಶ್ಟನ್ ಗಣಿಯಲ್ಲಿ ಕಂಪನಿ ಮತ್ತು ಯೂನಿಯನ್ ಎರಡೂ ಒಪ್ಪಿದ ಪ್ರಯೋಗ ಅದು. ಇಷ್ಟಪಟ್ಟು ಬಂದ 27 ಮಂದಿ, ಪಾಳಿಗೆ ಒಂಬತ್ತರ ಲೆಕ್ಕದಲ್ಲಿ, ಒಂದು ವಿಭಾಗವನ್ನು ತಾವೇ ನಡೆಸಿದರು. ಎಲ್ಲರಿಗೂ ಒಂದೇ ಸಂಬಳ, ಅದೂ ಮೇಲಿನ ದರ್ಜೆಯದು. ಮೇಲ್ವಿಚಾರಕನ ಕೆಲಸ ಉತ್ಪಾದನೆಗೆ ಒತ್ತಾಯಿಸುವುದಲ್ಲ, ಸುರಕ್ಷತೆ ನೋಡುವುದು. ಸುರಕ್ಷತಾ ನಿಯಮ ಮುರಿದ ಪ್ರಕರಣಗಳು ಆ ವಿಭಾಗದಲ್ಲಿ ಚೆನ್ನಾಗಿ ತಗ್ಗಿದವು.

ಆದರೆ ಪಕ್ಕದ ವಿಭಾಗದವರ ಮನಸ್ಸು ಕೆಟ್ಟಿತು. ನಿನ್ನೆ ಮೊನ್ನೆ ಸೇರಿದ ಹುಡುಗನಿಗೆ ಮೇಲಿನ ಸಂಬಳ, ವರ್ಷಗಟ್ಟಲೆ ದುಡಿದ ನಮಗೆ ಕಡಿಮೆ, ಇದ್ಯಾವ ನ್ಯಾಯ? ಅವರಿಗೆ ಮಾತ್ರ ಸಭೆ, ತರಬೇತಿ, ಬರುವ ಅತಿಥಿಗಳ ಮೆಚ್ಚುಗೆ, ನಮಗೇನು? 1975ರಲ್ಲಿ ಇಡೀ ಗಣಿಗೆ ಇದನ್ನು ಹಬ್ಬಿಸಬೇಕೇ ಅಂತ ಯೂನಿಯನ್ ಸದಸ್ಯರು ಮತ ಹಾಕಿದಾಗ ಕೆಲವೇ ಮತಗಳ ಅಂತರದಲ್ಲಿ ಬೇಡ ಅನ್ನುವುದು ಗೆದ್ದಿತು.

ಟ್ರಿಸ್ಟ್ ಅವರನ್ನು ಟೀಕಿಸುವವರು ಬೆರಳು ಇಡುವುದು ಇಲ್ಲೇ. ಮಾಲೀಕ ಮತ್ತು ಕಾರ್ಮಿಕರ ನಡುವೆ ಅಧಿಕಾರದ, ಹಣದ ಜಗಳ ಇದ್ದೇ ಇರುತ್ತದೆ, ಹೊಂದಾಣಿಕೆಯ ಮಾತು ಅದನ್ನು ಮುಚ್ಚುತ್ತದೆ ಅನ್ನುತ್ತಾರೆ ಅವರು. ತಂಡಕ್ಕೆ ಸ್ವಾತಂತ್ರ್ಯ ಅಂತ ಹೇಳಿ ಮೇಲ್ವಿಚಾರಕನ ಕೆಲಸವನ್ನೂ ಅದೇ ಸಂಬಳದಲ್ಲಿ ಮಾಡಿಸಿಕೊಳ್ಳುವ ಕಂಪನಿಗಳಿವೆ ಅನ್ನುವ ಮಾತೂ ಸುಳ್ಳಲ್ಲ. ಈ ಟೀಕೆಯಲ್ಲಿ ಹುರುಳಿದೆ. ಇವತ್ತು 'ಸ್ವಯಂ ನಿರ್ವಹಣೆಯ ತಂಡ' ಅನ್ನುವ ಹೆಸರಿನಲ್ಲಿ ನಡೆಯುವುದರಲ್ಲಿ ಎಷ್ಟೋ ಪಾಲು ಬರೀ ಹೆಸರು. ದಿನ ಬೆಳಗಾದರೆ ಎದ್ದು ನಿಂತು ವರದಿ ಒಪ್ಪಿಸುವ ಸಭೆ, ಗಂಟೆಗಂಟೆಯ ಲೆಕ್ಕ ಕೇಳುವ ಡ್ಯಾಶ್‌ಬೋರ್ಡ್, ಆದರೆ ಕೆಲಸ ಹೇಗೆ ಹಂಚಿಕೊಳ್ಳಬೇಕು ಅಂತ ತೀರ್ಮಾನಿಸುವ ಹಕ್ಕು ತಂಡಕ್ಕಿಲ್ಲ. ಡರ್ಹಮ್‌ನ 41 ಮಂದಿಗೆ ಆ ಹಕ್ಕಿತ್ತು, ಒಂದೇ ಸಂಬಳದ ಚೀಟಿಯೂ ಇತ್ತು. ಆ ಎರಡೂ ಇಲ್ಲದ ಕಡೆ ಟ್ರಿಸ್ಟ್ ಹೆಸರು ಹೇಳುವುದು ಅವರಿಗೆ ಮಾಡುವ ಅನ್ಯಾಯ.

ಆ್ಯಪ್ ಹೇಳಿದ ಕಡೆ ಓಡುವ ಡೆಲಿವರಿ ಹುಡುಗನ ಕೆಲಸವನ್ನು ಅವರ ಕಣ್ಣಿನಿಂದ ನೋಡಿ. ಹೋಟೆಲಿನಲ್ಲಿ ಊಟ ತಡವಾದರೆ, ವಿಳಾಸ ತಪ್ಪಿದ್ದರೆ, ಮಳೆಗೆ ರಸ್ತೆ ತುಂಬಿದ್ದರೆ ಕೆಟ್ಟ ರೇಟಿಂಗ್ ಇವನಿಗೆ. ತಪ್ಪು ಮಾಡಿದವರು ಇವನಿಗೆ ಕಾಣುವುದಿಲ್ಲ, ಪಕ್ಕದ ಹುಡುಗ ಜೊತೆಗಾರನಲ್ಲ. ಬೈಕು ನಿಲ್ಲಿಸಿಕೊಂಡು ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಒಬ್ಬರಿಗೊಬ್ಬರು ದಾರಿ ಹೇಳಿಕೊಳ್ಳುವುದು 1951ರ ಪ್ರಬಂಧದ ಆ ಸಣ್ಣ ಗುಂಪಿನ ಹಾಗೇ ಕಾಣುತ್ತದೆ. ತಂತ್ರಜ್ಞಾನವೇ ಹೀಗೆ, ಏನೂ ಮಾಡಲಾಗದು ಅಂತ ಕಂಪನಿಯವರು ಹೇಳಬಹುದು. ಅದೇ ತಂತ್ರಜ್ಞಾನದಲ್ಲಿ ಒಂದು ಬಡಾವಣೆಯ ಹತ್ತು ಹುಡುಗರು ಆರ್ಡರುಗಳನ್ನು ತಾವೇ ಹಂಚಿಕೊಂಡು, ಬಂದದ್ದನ್ನು ಒಟ್ಟಿಗೆ ಎಣಿಸಿಕೊಳ್ಳುವ ಏರ್ಪಾಡೂ ಸಾಧ್ಯ. ಆರಿಸಿಕೊಳ್ಳಲು ದಾರಿಗಳಿವೆ. ಈಗಿರುವ ದಾರಿಯನ್ನು ಯಾರೋ ಆರಿಸಿದ್ದಾರೆ, ದುಡಿಯುವವರನ್ನು ಕೇಳದೆ ಆರಿಸಿದ್ದಾರೆ ಅಷ್ಟೇ.

ಟ್ರಿಸ್ಟ್ ಕೊನೆಯ ವರ್ಷಗಳಲ್ಲಿ ಟ್ಯಾವಿಸ್ಟಾಕ್‌ನ ಇಡೀ ಕೆಲಸವನ್ನು ಮೂರು ಸಂಪುಟಗಳಲ್ಲಿ ಒಟ್ಟುಗೂಡಿಸಲು ಕೂತರು. ಮೊದಲನೆಯದು 1990ರಲ್ಲಿ ಬಂತು, ಎರಡನೆಯದು 1993ರಲ್ಲಿ. ಆ ವರ್ಷದ ಜೂನ್ 4ರಂದು ಕ್ಯಾಲಿಫೋರ್ನಿಯಾದ ಕಾರ್ಮೆಲ್‌ನಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಮೂರನೇ ಸಂಪುಟವನ್ನು ಉಳಿದವರು 1997ರಲ್ಲಿ ಹೊರತಂದರು.